ಪಟ್ಟಿಗೆ ಸೇರದ ಮಾತು

"ಸತ್ತವರ ಮಾತನ್ನ ಪ್ರಬಂಧದಲ್ಲಿ ಹಾಕಿಕೊಳ್ಳೋಕೆ ಯಾರ ಒಪ್ಪಿಗೆ ಬೇಕು ಮೇಡಂ?"

"ಹೆಂಡತಿ ಬದುಕಿದ್ದರೆ ಹೆಂಡತಿಯದು."

"ಅಂದ್ರೆ ನಿಮ್ಮದು."

"ನನ್ನದೇ. ಯಾರೂ ಕೇಳಲಿಲ್ಲ."

ಇನ್ಸ್‌ಪೆಕ್ಟರ್ ಬಾಯಲ್ಲಿದ್ದ ಪೆಪ್ಪರ್‌ಮೆಂಟನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ದಾಟಿಸಿದ. ಸಿಗರೇಟು ಬಿಟ್ಟ ಮೇಲೆ ಅಂಟಿದ ಚಟ. ಯೋಚನೆ ಬಿಗಿಯಾದಷ್ಟೂ ಹಲ್ಲಿಗೆ ತಾಗುವ ಸದ್ದು ಜೋರಾಗುತ್ತಿತ್ತು. ಈಗ ಕಲ್ಲು ಒಡೆಯುವ ಕೆಲಸ ನಡೆದಿರುವಂತಿತ್ತು.

ಅವನ ಎದುರಿಗೆ ಕುಳಿತವಳು ಒಂದು ವಿಜ್ಞಾನ ಪತ್ರಿಕೆಯ ಸಂಪಾದಕಿ. ಕಚೇರಿ ಎಂದರೆ ಕನ್ನಡಕದಂಗಡಿಯ ಮೇಲಿನ ಎರಡು ಕೋಣೆ. ಅಲ್ಲಿಗೆ ಬರುವ ಪ್ರತಿ ಪ್ರಬಂಧದ ಕೊನೆಯಲ್ಲಿ ಒಂದು ಪಟ್ಟಿ ಇರುತ್ತದೆ: ಈ ಮಾತು ಯಾರದು, ಯಾವ ಪತ್ರಿಕೆಯಲ್ಲಿ ಬಂತು, ಯಾವ ಸಂಪುಟ, ಎಷ್ಟನೇ ಪುಟ. ಆ ಪಟ್ಟಿಯನ್ನು ತಿದ್ದಿ, ಕ್ರಮಕ್ಕೆ ತಂದು, ಒಳಗಿನ ಅಂಕಿಗೂ ಕೊನೆಯ ಅಂಕಿಗೂ ಗಂಟು ಹಾಕುವುದು ಅವಳ ಕೆಲಸ. ಮನೆಯವರು ಇದಕ್ಕೆ 'ಬಾಲ ಕಟ್ಟೋದು' ಎನ್ನುತ್ತಿದ್ದರು. ಕುದುರೆ ಯಾರದೋ, ಸವಾರಿ ಯಾರದೋ, ಬಾಲ ಇವಳದು.

ಈಗ ಮೇಜಿನ ಮೇಲಿದ್ದದ್ದು ಅವಳ ಭಾವನ ಪ್ರಬಂಧ. ಭಾವ ಎಂದರೆ ಅಕ್ಕನ ಗಂಡ, ದೊಡ್ಡ ಔಷಧ ಲ್ಯಾಬಿನ ಮುಖ್ಯಸ್ಥ. ಆ ಲ್ಯಾಬಿನಲ್ಲೇ ದುಡಿಯುತ್ತಿದ್ದ ಇವಳ ಗಂಡ ಕಳೆದ ವರ್ಷ ಅಲ್ಲಿನ ಕೋಲ್ಡ್ ರೂಮಿನೊಳಗೆ ಸತ್ತುಬಿದ್ದಿದ್ದ. ಡ್ರೈ ಐಸ್ ತುಂಬಿದ ಪೆಟ್ಟಿಗೆಗಳ ಮುಚ್ಚಳ ತೆಗೆದಿಟ್ಟಿತ್ತು. ಆ ಐಸು ಕರಗಿದರೆ ನೀರಾಗುವುದಿಲ್ಲ, ಗಾಳಿಯಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟಿಸುವ ಗಾಳಿ. ಅಜಾಗರೂಕತೆ ಎಂದು ಫೈಲು ಮುಚ್ಚಿದರು. ಹೋದ ತಿಂಗಳು ಅದನ್ನು ಮತ್ತೆ ತೆರೆಸಿದವಳು ಇವಳೇ.

"ಇನ್ನೊಂದು ಸಲ ಓದಿ. ನನಗೆ ಅರ್ಥ ಆಗೋ ಹಾಗೆ," ಅಂದ ಇನ್ಸ್‌ಪೆಕ್ಟರ್.

ಅವಳು ಓದಿದಳು. "ತಲೆಕೆಳಗಾಗಿ ಇಟ್ಟ ಬಾಟಲಿಗಳಲ್ಲಿ ಮಾತ್ರ ಔಷಧ ಮೋಡಗಟ್ಟಿತು, ಬಿರಡೆಯ ರಬ್ಬರ್ ಇದಕ್ಕೆ ಕಾರಣವೆಂದು ತೋರುತ್ತದೆ. ಇದಾದ ಮೇಲೆ ಕಂಸದಲ್ಲಿ ನಮ್ಮವರ ಹೆಸರು. ಹೆಸರಿನ ಪಕ್ಕ 'ಖಾಸಗಿ ಮಾತುಕತೆ' ಅಂತ."

"ಕೊನೆಯ ಪಟ್ಟಿಯಲ್ಲಿ ಇದು ಯಾಕಿಲ್ಲ?"

"ಪಟ್ಟಿ ಇರೋದು ಅಚ್ಚಾದ ಮಾತಿಗೆ. ಯಾರು ಬೇಕಾದ್ರೂ ಆ ಪುಸ್ತಕ ತೆಗೆದು ನೋಡಬಹುದು. ಬಾಯಿಮಾತನ್ನ ಎಲ್ಲಿ ತೆಗೆದು ನೋಡ್ತೀರಿ? ಅದಕ್ಕೇ ಪಟ್ಟಿಗೆ ಸೇರಿಸಲ್ಲ. ವಾಕ್ಯದ ಪಕ್ಕದಲ್ಲೇ ಹಾಕಿ ಕೈತೊಳ್ಕೊಳ್ಳೋದು. ಯಾರು ಹೇಳಿದ್ದು, ಯಾವತ್ತು ಹೇಳಿದ್ದು."

"ಯಾವತ್ತು ಅಂತಲೂ?"

"ಯಾವತ್ತು ಅಂತಲೂ. ಇಲ್ಲಿ ಅದು ಇರಲಿಲ್ಲ. ಕೇಳಿದೆ."

"ಹೇಗೆ ಕೇಳಿದ್ರಿ? ಭಾವಾ, ನನ್ನ ಗಂಡನ ಜೊತೆ ಯಾವಾಗ ಮಾತಾಡಿದ್ರಿ ಅಂತಲಾ?"

"ಎಲ್ಲಾ ಲೇಖಕರಿಗೂ ಕೇಳೋ ಹಾಗೆ." ಅವಳು 'ಲೇಖಕರಿಗೆ ಪ್ರಶ್ನೆಗಳು' ಎಂಬ ತಲೆಬರಹದ ಹಾಳೆಯನ್ನು ಅವನ ಕಡೆ ತಿರುಗಿಸಿದಳು. "ನಾಲ್ಕನೇ ರೆಫರೆನ್ಸಿಗೆ ಪುಟಸಂಖ್ಯೆ ಇಲ್ಲ, ಕೊಡಿ. ಒಂಬತ್ತನೇದರಲ್ಲಿ ಪತ್ರಿಕೆಯ ಹೆಸರು ಪೂರ್ತಿ ಹಾಕಿದ್ದೀರಿ, ಚಿಕ್ಕದು ಮಾಡಿ. ಹದಿಮೂರೂ ಇಪ್ಪತ್ತೆರಡೂ ಒಂದೇ ಪ್ರಬಂಧ, ಯಾವುದು ತೆಗೀಲಿ? ಇಂಥವುಗಳ ಮಧ್ಯೆ ಇದೂ ಒಂದು. ಖಾಸಗಿ ಮಾತುಕತೆಯ ದಿನಾಂಕ ಕೊಡಿ."

"ಸೊಪ್ಪಿನ ಕಟ್ಟಿನೊಳಗೆ ಹಾವು."

"ಇವತ್ತು ಬೆಳಿಗ್ಗೆ ಉತ್ತರ ಬಂತು."

ಇನ್ಸ್‌ಪೆಕ್ಟರ್ ಬಗ್ಗಿ ನೋಡಿದ. ಪುಟಸಂಖ್ಯೆ ಕೊಟ್ಟಿದ್ದರು. ಪತ್ರಿಕೆಯ ಹೆಸರು ಚಿಕ್ಕದಾಗಿತ್ತು. ಜೋಡಿ ರೆಫರೆನ್ಸಿನಲ್ಲಿ ಒಂದಕ್ಕೆ ಅಡ್ಡಗೀಟು ಬಿದ್ದಿತ್ತು. ದಿನಾಂಕ ಕೇಳಿದ ಕಡೆ ಅಷ್ಟೇ ಅಚ್ಚುಕಟ್ಟಾಗಿ ಒಂದು ದಿನಾಂಕ ಇತ್ತು.

ಅವಳ ಗಂಡ ಸತ್ತ ದಿನ.

ಪೆಪ್ಪರ್‌ಮೆಂಟಿನ ಸದ್ದು ನಿಂತಿತು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತಾರೆ ಅಂತಾರೆ. ಇಲ್ಲಿ ಕುಂಬಳಕಾಯಿ ಹೆಗಲ ಮೇಲಿಟ್ಟುಕೊಂಡೇ ರಸೀದಿ ಬರೆದುಕೊಟ್ಟಿದ್ದಾರಲ್ಲ ಮೇಡಂ!"

ಅವಳು ನಗಲಿಲ್ಲ. ಗಂಡ ಸತ್ತ ದಿನದ ಬೆಳಿಗ್ಗೆಯನ್ನು ಅವಳು ಎಷ್ಟೋ ಸಲ ಹೇಳಿದ್ದಳು. ಈ ಇನ್ಸ್‌ಪೆಕ್ಟರೊಬ್ಬ ಮಾತ್ರ ಬರೆದುಕೊಂಡಿದ್ದ. ಶೂ ಹಾಕಿಕೊಳ್ಳುತ್ತಾ ಗಂಡ ಅಂದಿದ್ದ: ರಬ್ಬರಿನ ಮೇಲೆ ಅನುಮಾನ ಕಣೇ. ಮೊದಲನೇ ಸಲ ಒಂದು ಟ್ರೇ ತಲೆಕೆಳಗು ಮಾಡಿ ಇಟ್ಟಿದ್ದೀನಿ. ಇವತ್ತು ತೆಗೆದು ನೋಡ್ತೀನಿ. ಹೆಣ ಸಿಕ್ಕಾಗ ಆ ಟ್ರೇ ಅವನ ಎದೆಯ ಕೆಳಗಿತ್ತು. ಬಾಟಲಿಗಳೆಲ್ಲ ಪುಡಿ. ಪೊಲೀಸರು ಬರುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಗಾಜನ್ನು ಗುಡಿಸಿ ನೆಲ ಒರೆಸಿದ್ದರು.

"ಆ ಟ್ರೇನಲ್ಲಿ ಮೋಡ ಕಟ್ಟಿತ್ತೋ ಬಿಸಿಲಿತ್ತೋ ಸತ್ತವರಿಗೆ ಮಾತ್ರ ಗೊತ್ತು," ಇನ್ಸ್‌ಪೆಕ್ಟರ್ ನಿಧಾನವಾಗಿ ಅಂದ. "ಅವರು ಅದನ್ನ ನೋಡಿದ್ದು ಕೋಲ್ಡ್ ರೂಮಿನೊಳಗೆ. ಆಮೇಲೆ ಹೊರಗೆ ಬರಲೇ ಇಲ್ಲ. ಅಂದ್ರೆ ಈ ವಾಕ್ಯ ಬರೆದವರು..."

"ಅವರ ಕೊನೇ ಮಾತು ಕೇಳಿದವರು."

"ನಿಮ್ಮ ಭಾವ ನಮಗೆ ಕೊಟ್ಟ ಹೇಳಿಕೆ ಬೇರೆ. ಸಾಯೋ ಹೊತ್ತಿಗೆ ಅವನಿಗೂ ನನಗೂ ಒಂದು ವರ್ಷದಿಂದ ಮಾತಿರಲಿಲ್ಲ ಅಂತ."

"ಅದು ನಿಜ. ಷಡ್ಡಕರು ಮದುವೆ ಮನೆಯಲ್ಲಿ ಒಂದೇ ಸಾಲಿನಲ್ಲಿ ಕೂತು ಊಟ ಮಾಡಿದ್ರೂ ಉಪ್ಪು ಬೇಕು ಅಂತ ಇನ್ನೊಬ್ಬರ ಕೈಲಿ ಹೇಳಿಸ್ತಿದ್ರು."

ಜಗಳ ಇದೇ ಬಾಟಲಿಗಳದು. ಕೆಲವು ಬಾಟಲಿಗಳಲ್ಲಿ ಔಷಧ ಕೆಡುತ್ತಿದೆ ಎಂದು ಗಂಡನ ಲೆಕ್ಕ ಹೇಳುತ್ತಿತ್ತು. ಯಾಕೆ ಎಂದು ಅವನಿಗೂ ಗೊತ್ತಿರಲಿಲ್ಲ. ಕಾರಣ ಇಲ್ಲದ ಅಂಕಿ ಕಟ್ಟುಕತೆ ಎಂದರು ಭಾವ. ಸತ್ತ ಮೇಲೆ ಆ ಮಾತಿಗೆ ರೆಕ್ಕೆ ಬಂತು. ಸುಳ್ಳು ಅಂಕಿ ಬರೆದ, ಸಿಕ್ಕಿಬೀಳುವ ಹೆದರಿಕೆಗೆ ಪ್ರಾಣ ಕಳೆದುಕೊಂಡ ಎಂದು ಕ್ಯಾಂಟೀನಿನಲ್ಲಿ ಮಾತಾಡಿಕೊಂಡರು. ಮಗಳು ಒಂದು ದಿನ ತನ್ನ ಹೆಸರಿನ ಮುಂದಿದ್ದ ಅಪ್ಪನ ಹೆಸರಿನ ಮೊದಲಕ್ಷರವನ್ನು ತೆಗೆದುಹಾಕಿದಳು. ಯಾಕೆ ಎಂದು ಇವಳು ಕೇಳಲಿಲ್ಲ. ಮಗಳೂ ಹೇಳಲಿಲ್ಲ. 

"ನೋಡಿ ಇಲ್ಲಿ," ಅಂದಳು ಸಂಪಾದಕಿ. "ಎರಡನೇ ಪ್ಯಾರಾ. 'ಈ ಲ್ಯಾಬಿನ ಹಿಂದಿನ ಅಂಕಿಗಳು ನಂಬಲರ್ಹವಲ್ಲ.' ಹಿಂದಿನ ಅಂಕಿ ಅಂದ್ರೆ ನಮ್ಮವರದು. ಆರನೇ ಪ್ಯಾರಾಕ್ಕೆ ಬಂದ್ರೆ ಅದೇ ಮನುಷ್ಯನ ಮಾತು ಆಧಾರ. ಬಾಗಿಲಲ್ಲಿ ಸುಳ್ಳುಗಾರ, ನಡುಮನೆಯಲ್ಲಿ ಸಾಕ್ಷಿ. ನಾಳೆ ಇದು ಅಚ್ಚಿಗೆ ಹೋಗತ್ತೆ. ಹೋಯ್ತು ಅಂದ್ರೆ ಮುಂದೆ ಬರೆಯೋರೆಲ್ಲ ಎರಡನೇ ಪ್ಯಾರಾನೇ ಎತ್ತಿಕೊಂಡು ಬರೀತಾರೆ. ಒಬ್ಬರು ಬರೆದದ್ದನ್ನ ಇನ್ನೊಬ್ಬರು, ಅವರದನ್ನ ಮತ್ತೊಬ್ಬರು. ಎತ್ತು ಕರು ಹಾಕಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ. ಇಂಥವರ ಬಾಲ ಕಟ್ಟೀ ಕಟ್ಟೀ ನನಗೆ ತಲೆ ನರೆತಿದೆ."

"ಆರನೇ ಪ್ಯಾರಾ ಯಾಕೆ ಸೇರಿಸಿದ್ರು? ಮೊದಲ ಪ್ರತಿಯಲ್ಲಿ ಇರಲಿಲ್ಲ ಅಂದ್ರಿ."

"ಪ್ರಬಂಧ ಅಚ್ಚಿಗೆ ಮುಂಚೆ ಬೇರೆ ಊರಿನ ಒಬ್ಬ ಪರಿಶೀಲಕರಿಗೆ ಹೋಗತ್ತೆ. ಅವರು ಕೇಳಿದ್ರು: ನಿಮ್ಮ ಅಂಕಿಗಳಲ್ಲೂ ಕೆಲವು ಬಾಟಲಿ ಕೆಟ್ಟಿವೆಯಲ್ಲ, ಯಾಕೆ? ಉತ್ತರ ಕೊಡದೆ ಇದ್ರೆ ಪ್ರಬಂಧ ವಾಪಸ್ಸು."

"ಸರಿ, ಉತ್ತರ ಹಾಕ್ಲಿ. ಸತ್ತವರ ಹೆಸರು ಯಾಕೆ ಹಾಕ್ಬೇಕು? ತನ್ನದೇ ಅಂತ ಹಾಕಿಕೊಂಡ್ರೆ ಯಾರು ಕೇಳ್ತಿದ್ರು?"

ಅದೇ ಅವಳಿಗೂ ತಿಳಿಯದ್ದು. ಆದರೆ ಆ ಕಸುಬಿನವರನ್ನು ಅವಳು ಬಲ್ಲಳು. "ನಮ್ಮ ಜನ ಹಾಗೇ ಇನ್ಸ್‌ಪೆಕ್ಟ್ರೇ. ಆಧಾರ ಇಲ್ಲದ ವಾಕ್ಯ ಕಂಡ್ರೆ ಕೈ ನಡುಗತ್ತೆ. ಪ್ರಾಣ ತೆಗೆದಾರು, ಕಂಸ ಬಿಡಲ್ಲ."

* * *

ಭಾವನ ಮನೆಗೆ ಹೊರಟ ಕಾರಿನೊಳಗೆಲ್ಲ ಪೆಪ್ಪರ್‌ಮೆಂಟಿನ ವಾಸನೆ. ಸಿಗ್ನಲ್ಲಿನಲ್ಲಿ ನಿಂತಾಗ ಇನ್ಸ್‌ಪೆಕ್ಟರ್ ಕನ್ನಡಿಯಲ್ಲಿ ಅವಳ ಮುಖ ನೋಡಿದ.

"ಒಂದು ತೊಡಕಿದೆ. ನಿಮ್ಮವರು ಸತ್ತ ಮಧ್ಯಾಹ್ನ ನಿಮ್ಮ ಭಾವ ವೇದಿಕೆ ಮೇಲಿದ್ರು. ಪದಕ ಹಾಕಿಸಿಕೊಳ್ತಿದ್ರು. ಲ್ಯಾಬಿನವರೆಲ್ಲ ಚಪ್ಪಾಳೆ ತಟ್ಟೋಕೆ ಅಲ್ಲೇ ಇದ್ರು. ಅದಕ್ಕೇ ಲ್ಯಾಬು ಖಾಲಿ."

"ಫೋನಿರಬಹುದು."

"ಕೋಲ್ಡ್ ರೂಮಿನಲ್ಲಿ ಫೋನ್ ಹಿಡಿಯಲ್ಲ. ನಾನು ನಿನ್ನೆ ಒಳಗೆ ಹೋಗಿ ನೋಡಿದೆ. ಒಳಗಿಂದ ತಳ್ಳಿ ತೆಗೆಯೋ ಗುಂಡಿ ಕೆಟ್ಟು ಎಷ್ಟೋ ದಿನ ಆಗಿತ್ತಂತೆ, ಈಗ ಸರಿ ಮಾಡಿದ್ದಾರೆ. ಕುದುರೆ ಓಡಿಹೋದ ಮೇಲೆ ಲಾಯಕ್ಕೆ ಬೀಗ. ಬಾಗಿಲು ಮುಚ್ಚಿಸಿ ಒಳಗಿಂದ ಕೂಗಿದೆ. ಹೊರಗೆ ನಿಂತಿದ್ದ ಕಾನ್‌ಸ್ಟೇಬಲ್ಲಿಗೆ ಕೇಳಿಸ್ತು."

"ಏನು ಕೂಗಿದ್ರಿ?"

"ನಮ್ಮ ಮಾವನನ್ನ ಬೈದೆ. ಒಂದಕ್ಷರ ಬಿಡದೆ ಹೇಳಿದ. ಈಗ ಸ್ಟೇಷನ್ನಿಗೆಲ್ಲ ಗೊತ್ತು." ಅವನು ಗೇರು ಬದಲಿಸಿದ. ದನಿಯೂ ಬದಲಾಯಿತು. "ಇನ್ನೊಂದು ವಿಷಯ. ಹೇಳಬೇಕೋ ಬೇಡವೋ ಅಂತ ಯೋಚಿಸ್ತಿದ್ದೆ. ಉಸಿರು ಕಟ್ಟೋನು ಬಾಗಿಲು ಬಡೀತಾನೆ ಮೇಡಂ. ಗೀರ್ತಾನೆ, ಒದೀತಾನೆ. ಬಾಗಿಲ ಒಳಮೈ ನೋಡಿದೆ, ಹಳೇ ಫೋಟೋನೂ ನೋಡಿದೆ. ಒಂದು ಗೀರಿಲ್ಲ. ನಿಮ್ಮವರ ಕೈಬೆರಳೂ ಸ್ವಚ್ಛ."

"ಅಂದ್ರೆ?"

"ಅಂದ್ರೆ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಹೇಳೋದು ಪೊಲೀಸರೊಬ್ಬರೇ."

ಅವಳು ಕಿಟಕಿಯ ಕಡೆ ತಿರುಗಿದಳು. ಬಾಗಿಲು ಬಡಿಯದ ಗಂಡ. ಬದುಕಿದ್ದಾಗಲೂ ಅವನು ಹಾಗೇ. ಬಾತ್‌ರೂಮಿನ ಚಿಲಕ ಸಿಕ್ಕಿಕೊಂಡರೆ ಮೆಲ್ಲಗೆ ಕರೆದು, ಉತ್ತರ ಬರುವ ತನಕ ಒಳಗೇ ಕಾಯುವ ಜಾತಿ. ಆದರೆ ಸಾವಿಗೂ ಇಷ್ಟು ಸಂಕೋಚವೇ?

* * *

ಬಾಗಿಲು ತೆರೆದವಳು ಅಕ್ಕ.

"ಬಂದ್ಯಾ ಪುಟ್ಟಿ! ಊಟ ಮಾಡಿದ್ಯಾ?" ಐವತ್ತು ದಾಟಿದ ತಂಗಿ ಅವಳಿಗೆ ಇನ್ನೂ ಪುಟ್ಟಿಯೇ. ಹಿಂದೆ ನಿಂತಿದ್ದ ಖಾಕಿಯನ್ನು ನೋಡಿ ಅಕ್ಕನ ಹುಬ್ಬು ಅಲ್ಲಾಡಲಿಲ್ಲ. "ಇವರೂ ಬಂದಿದ್ದಾರೆ. ಸರಿ, ಒಳಗಿದ್ದಾರೆ ನಿನ್ನ ಭಾವ. ಹೋಗಿ. ಒಂದು ಪುಟ ಬಾಕಿ ಇದೆ, ಮುಗಿಸಿ ಕಾಫಿ ತರ್ತೀನಿ."

ಅವಳ ಬಲ ಮಣಿಕಟ್ಟಿಗೆ ಯಾವಾಗಿನಂತೆ ಕ್ರೇಪ್ ಬ್ಯಾಂಡೇಜು ಸುತ್ತಿತ್ತು. ಭಾವನ ಅಷ್ಟೂ ಪ್ರಬಂಧಗಳನ್ನು ಟೈಪು ಮಾಡಿದ ಕೈ. ತಂಗಿಯ ಗಂಡ ಸತ್ತ ಮೇಲೆ ತಿಂಗಳುಗಟ್ಟಲೆ ಇವಳ ಮಗ್ಗುಲಲ್ಲೇ ಮಲಗಿ, ಬೆಚ್ಚಿ ಎದ್ದಾಗಲೆಲ್ಲ ಬೆನ್ನು ಸವರಿದ್ದೂ ಅದೇ ಕೈ. ಇವಳ ಗಂಡನನ್ನು ಅಕ್ಕ ಮೊದಲಿಂದಲೂ ಏಕವಚನದಲ್ಲೇ ಕರೆಯುತ್ತಿದ್ದಳು, ತಮ್ಮನನ್ನು ಕರೆದ ಹಾಗೆ. ಈಗ ಈ ಮನೆಯ ಯಜಮಾನನನ್ನು ಪೊಲೀಸರ ಕೈಗೆ ಕೊಟ್ಟರೆ ಅಕ್ಕನ ಮುಖ ಹೇಗೆ ನೋಡುವುದು ಎಂಬುದೊಂದೇ ದಾರಿಯುದ್ದಕ್ಕೂ ಇವಳನ್ನು ಕೊರೆದಿತ್ತು.

ಭಾವನ ಓದುವ ಕೋಣೆಯಲ್ಲಿ ಪುಸ್ತಕಕ್ಕಿಂತ ಫೋಟೋ ಹೆಚ್ಚು. ಪದಕದ ದಿನದ ಫೋಟೋಗೆ ಎಲ್ಲಕ್ಕಿಂತ ದೊಡ್ಡ ಚೌಕಟ್ಟು. ಪಕ್ಕದ ಕೋಣೆಯಿಂದ ಕೀಬೋರ್ಡಿನ ಸದ್ದು ಒಂದೇ ಸಮನೆ ಬರುತ್ತಿತ್ತು.

"ಏನು ಪುಟ್ಟಿ, ಬಾಲ ಕಟ್ಟಿ ಆಯ್ತಾ? ನಾಳೆ ಅಚ್ಚಿಗೆ ಹೋಗ್ಲೇಬೇಕು ನೋಡು," ಅಂದರು ಭಾವ. ಇನ್ಸ್‌ಪೆಕ್ಟರನ್ನು ಕಂಡು, "ಇವರಿಗೇನು ಇಲ್ಲಿ ಕೆಲಸ? ಆ ಹಾಳು ಫೈಲು ಇನ್ನೂ ಮುಚ್ಚಲಿಲ್ವಾ?"

"ಮುಚ್ಚೋಕೇ ಬಂದಿದ್ದೀನಿ ಸಾರ್," ಅಂದ ಇನ್ಸ್‌ಪೆಕ್ಟರ್. ಕೇಳದೆಯೇ ಕುರ್ಚಿ ಎಳೆದುಕೊಂಡು ಕೂತು, ಗೋಡೆಯ ಫೋಟೋ ನೋಡತೊಡಗಿದ. "ಭಾರೀ ಸಭೆ. ಮುಂದಿನ ಸಾಲಲ್ಲಿ ಒಂದು ಕುರ್ಚಿ ಖಾಲಿ ಇದೆಯಲ್ಲ?"

"ಇವಳ ಅಕ್ಕನದು!" ಭಾವನಿಗೆ ಹಳೆಯ ಗಾಯ ಮುಟ್ಟಿದಂತಾಯಿತು. "ನನ್ನ ಜೀವಮಾನದ ಪದಕ. ಅದು ಕೊರಳಿಗೆ ಬೀಳೋ ಹೊತ್ತಿಗೆ ಹೆಂಡತಿಗೆ ತಲೆನೋವು. ಎದ್ದು ಮನೆಗೆ ಹೋದಳಂತೆ. ಫೋಟೋ ನೋಡಿದೋರೆಲ್ಲ ಕೇಳ್ತಾರೆ, ನಾನು ಏನು ಹೇಳ್ಲಿ?"

"ಭಾವಾ, ಕೆಲವು ಪ್ರಶ್ನೆ ಇದೆ," ಅಂದಳು ಸಂಪಾದಕಿ.

"ಪ್ರಶ್ನೆಗೆಲ್ಲ ಉತ್ತರ ಕಳಿಸಿಯಾಯ್ತಲ್ಲ."

"ಒಂದಕ್ಕೆ ಕಳಿಸಿದ ಉತ್ತರದ ಬಗ್ಗೆ. ಆರನೇ ಪ್ಯಾರಾದಲ್ಲಿ ರಬ್ಬರ್ ಬಿರಡೆಯ ವಿಷಯ ಇದೆ. ಅದನ್ನ ನಿಮಗೆ ಹೇಳಿದ್ಯಾರು?"

"ಯಾವ ಬಿರಡೆ?"

"ತಲೆಕೆಳಗಾದ ಬಾಟಲಿ. ಮೋಡಗಟ್ಟಿದ ಔಷಧ."

"ಪರಿಶೀಲಕರು ಏನೋ ತಕರಾರು ಎತ್ತಿದ್ರು. ಏನೋ ಒಂದು ಸಮಾಧಾನ ಬರೆದು ಹಾಕಿ ಅಂದಿದ್ದೆ. ಅದಕ್ಕೇನೀಗ?"

"ಆ ಸಮಾಧಾನಕ್ಕೆ ಆಧಾರ ನಮ್ಮವರ ಮಾತು. ಕಂಸದಲ್ಲಿ ಅವರ ಹೆಸರಿದೆ."

ಭಾವ ಕುರ್ಚಿಯಲ್ಲಿ ಮುಂದಕ್ಕೆ ಬಂದರು. "ಅವನ ಹೆಸರಾ? ನನ್ನ ಪ್ರಬಂಧದಲ್ಲಾ? ಎಲ್ಲಿ, ಕೊಡು ಇಲ್ಲಿ."

ಕನ್ನಡಕ ಹುಡುಕಿದರು. ಅದು ಹಣೆಯ ಮೇಲೇ ಇತ್ತು. ಓದಿದರು. ಕಿವಿಯ ತುದಿಯಿಂದ ಕೆಂಪು ಏರಲು ಶುರುವಾಯಿತು. ಇನ್ಸ್‌ಪೆಕ್ಟರ್ ಪೆಪ್ಪರ್‌ಮೆಂಟು ಕಡಿಯುವುದನ್ನು ಮರೆತು ನೋಡುತ್ತಿದ್ದ. ಎಷ್ಟೋ ಜನ ಸಿಕ್ಕಿಬೀಳುವುದನ್ನು ಕಂಡವನು. ಸಿಕ್ಕಿಬಿದ್ದ ಮುಖದಲ್ಲಿ ಮೊದಲು ರಕ್ತ ಇಳಿಯುತ್ತದೆ. ಇಲ್ಲಿ ಏರುತ್ತಿತ್ತು.

"ಯಾರು ಹಾಕಿದ್ದು ಇದನ್ನ? ಆ ಸುಳ್ಳುಗಾರನ ಹೆಸರನ್ನ ನನ್ನ ಪ್ರಬಂಧದಲ್ಲಿ ಯಾರು ಹಾಕಿದ್ದು? ನೀನೇನಾ?"

"ನಾನು ಪುಟಸಂಖ್ಯೆ ತಿದ್ದೋಳು ಭಾವಾ. ವಾಕ್ಯ ಹುಟ್ಟಿಸೋಳಲ್ಲ. ಪ್ರಬಂಧ ನಿಮ್ಮದು. ಸಹಿ ನಿಮ್ಮದು."

"ಸಹಿ ಹಾಕಿದ್ದೀನಿ. ಓದಿದ್ದೀನಿ ಅಂತ ಯಾರು ಹೇಳಿದ್ರು?"

ಪಕ್ಕದ ಕೋಣೆಯಲ್ಲಿ ಕೀಬೋರ್ಡು ಒಂದೇ ಸಮನೆ ಓಡುತ್ತಿತ್ತು.

"ನಿಮ್ಮ ಪ್ರಬಂಧ ನೀವು ಓದಿಲ್ವಾ ಸಾರ್?" ಇನ್ಸ್‌ಪೆಕ್ಟರ್ ಮರ್ಯಾದೆಯಿಂದಲೇ ಕೇಳಿದ.

"ನನ್ನ ಪ್ರಬಂಧ ನಾನೇ ಓದ್ಬೇಕೇನ್ರೀ?" ಭಾವ ಮೇಜು ಕುಟ್ಟಿದರು. "ಕಮಿಟಿ ಎಷ್ಟು, ಮೀಟಿಂಗ್ ಎಷ್ಟು ಗೊತ್ತಾ ನನಗೆ? ಇಂಥದ್ದು ಬರೀಬೇಕು ಅಂತೀನಿ, ಬರೀತಾರೆ. ಪ್ರಶ್ನೆ ಬರತ್ತೆ, ಉತ್ತರ ಹೋಗತ್ತೆ. ಇಷ್ಟು ವರ್ಷ ನಡೆದಿಲ್ವಾ?"

ಸಂಪಾದಕಿಗೆ ನಗು ಬಂತು. ಕಹಿಯಾದ ನಗು. ಇಷ್ಟು ವರ್ಷ ಈ ಮನುಷ್ಯನ ಪ್ರಬಂಧಗಳ ಒಂದೊಂದು ಅಂಕಿಯನ್ನೂ ಅವಳು ಹುಡುಕಿ ಜೋಡಿಸಿದ್ದಳು. ಅವನ್ನು ಎಂದೂ ಓದದೇ ಇದ್ದವರಲ್ಲಿ ಮೊದಲಿಗರು ಅವಕ್ಕೆ ಸಹಿ ಹಾಕಿದವರೇ.  ಭಾವನಿಗೆ ಸಿಟ್ಟು ಬಂದದ್ದು ಹೆಸರಿನ ಮೇಲೆ. ದಿನಾಂಕದ ಮೇಲೆ ಅವರ ಕಣ್ಣು ನಿಲ್ಲಲೇ ಇಲ್ಲ. ಆ ದಿನಾಂಕ ಏನೆಂದು ಅವರಿಗೆ ನೆನಪೇ ಇಲ್ಲ.

ಇಂಥದ್ದು ಬರೀಬೇಕು ಅಂತೀನಿ, ಬರೀತಾರೆ.

ಬರೆಯುವವರು ಯಾರು?

ಅವಳ ಕಣ್ಣು ಗೋಡೆಯ ಫೋಟೋ ಕಡೆ ಹೋಯಿತು. ಮುಂದಿನ ಸಾಲು. ಖಾಲಿ ಕುರ್ಚಿ.

ಪಕ್ಕದ ಕೋಣೆಯ ಕೀಬೋರ್ಡು ನಿಂತಿತು.

* * *

ಅಕ್ಕ ಕಾಫಿಯ ತಟ್ಟೆ ಹಿಡಿದು ಬಂದಳು. ಬ್ಯಾಂಡೇಜಿನ ಕೈ ತಟ್ಟೆಯ ಅಂಚಿನಲ್ಲಿ ಸ್ವಲ್ಪವೂ ಅದುರಲಿಲ್ಲ. ಒಂದು ಲೋಟ ಇನ್ಸ್‌ಪೆಕ್ಟರಿಗೆ, ಒಂದು ಗಂಡನಿಗೆ, ಸಕ್ಕರೆ ಕಡಿಮೆಯದು ತಂಗಿಗೆ.

"ಏನೇ ಇದು?" ಭಾವ ಹಾಳೆಯನ್ನು ಅವಳ ಮುಖದ ಮುಂದೆ ಆಡಿಸಿದರು. "ಈ ವಾಕ್ಯ ಯಾಕೆ ಸೇರಿಸಿದೆ?"

"ಪರಿಶೀಲಕರು ಕೇಳಿದ್ರು. ನಿಮಗೆ ಉತ್ತರ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು."

"ನಿನಗೆ ಹೇಗೆ ಗೊತ್ತು?"

"ಆಧಾರ ಕೊಟ್ಟಿದ್ದೀನಲ್ಲ, ಪಕ್ಕದಲ್ಲೇ. ಓದಿ." ಅಕ್ಕ 'ಓದಿ' ಅಂದ ರೀತಿಗೆ ಭಾವನ ಕಣ್ಣು ಹಾಳೆಯ ಕಡೆ ಹೋಯಿತು.

ಸಂಪಾದಕಿ ಎದ್ದು ನಿಂತಿದ್ದಳು. ಯಾವಾಗ ಎದ್ದಳೋ ಅವಳಿಗೇ ತಿಳಿಯದು. "ಅಕ್ಕ. ದಿನಾಂಕ ನೀನು ಹಾಕಿದ್ದಾ?"

"ಕೇಳಿದ್ದು ನೀನು. ಕೇಳಿದೆ, ಕೊಟ್ಟೆ. ನೀನು ಆರನೇ ಪ್ಯಾರಾದ ಹತ್ತಿರ ನಿಲ್ತೀಯ ಅಂತ ಗೊತ್ತಿತ್ತು. ಬೇರೆ ಯಾರೂ ನಿಲ್ಲಲ್ಲ. ಇವರಂತೂ ಶೀರ್ಷಿಕೆ ದಾಟಲ್ಲ."

"ಹೆಸರಿಲ್ಲದೆ ಹಾಕಬಹುದಿತ್ತಲ್ಲ. ಯಾರಿಗೂ ಗೊತ್ತಾಗ್ತಿರಲಿಲ್ಲ."

"ಹೇಳಿದವರ ಹೆಸರು ನುಂಗಿ ಬರೆಯೋದಾ?" ಅಕ್ಕ ತನ್ನ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು. "ಈ ಮನೆಯಲ್ಲಿ ಯಾರ್ಯಾರ ಮಾತಿಗೋ ಸಂಪುಟ, ಪುಟ ಎಲ್ಲ ಹುಡುಕಿ ಹಾಕಿದ್ದೀನಿ ಪುಟ್ಟಿ. ನನ್ನ ಮಾತಿಗೆ ಯಾರೂ ಒಂದು ಕಂಸ ಹಾಕಲಿಲ್ಲ. ಅದರ ರುಚಿ ನನಗೆ ಗೊತ್ತು. ಅವನಿಗೆ ಅದನ್ನ ಉಣಿಸಲಾರೆ."

"ಅಮ್ಮಾ," ಇನ್ಸ್‌ಪೆಕ್ಟರ್ ಲೋಟ ಕೆಳಗಿಟ್ಟ. "ಆ ದಿನ ತಲೆನೋವು ಅಂತ ಸಭೆಯಿಂದ ಎದ್ದು ಬಂದ್ರಿ."

"ಬಂದೆ."

"ಮನೆಗಾ?"

ಅಕ್ಕ ಅವನ ಕಡೆ ನೋಡಲಿಲ್ಲ. ತಂಗಿಯನ್ನೇ ನೋಡುತ್ತಿದ್ದಳು. ಜ್ವರ ಬಂದ ಮಗುವಿನ ಹಣೆ ಮುಟ್ಟುವ ಮೊದಲು ನೋಡುವ ಹಾಗೆ.

"ನನ್ನ ಮಗ್ಗುಲಲ್ಲಿ ಮಲಗ್ತಿದ್ದೆ," ಅಂದಳು ಸಂಪಾದಕಿ.  "ಅವರು ಕೊನೆಗೆ ಏನಾದ್ರೂ ಹೇಳಿದ್ರೇನೋ, ಯಾರಿಗಾದ್ರೂ ಕೇಳಿಸ್ತೇನೋ ಅಂತ ದಿನಾ ಅತ್ತಿದ್ದೀನಿ. ನೀನು ಬೆನ್ನು ಸವರ್ತಿದ್ದೆ. ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಬಾಟಲಿ ಮೋಡಗಟ್ಟಿದ್ದು ಹೇಳಿದ್ರಾ ನಿನಗೆ?"

"ಹೇಳಿದ. ಖುಷಿಯಾಗಿ ಹೇಳಿದ. ರಬ್ಬರ್ ಕಣಕ್ಕ, ರಬ್ಬರು, ನನ್ನ ಅಂಕಿ ಸುಳ್ಳಲ್ಲ, ಪುಟ್ಟಿಗೆ ಹೇಳು ಅಂದ."

ಭಾವನ ಕೈಯಲ್ಲಿದ್ದ ಹಾಳೆ ಕೆಳಗೆ ಬಿತ್ತು. ಯಾರೂ ಎತ್ತಿಕೊಡಲಿಲ್ಲ. ಸಂಪಾದಕಿಯ ಗಂಡನ ಹೆಸರನ್ನು ತೊಳೆಯುವ ಮಾತು ಕೊನೆಗೂ ಹೊರಗೆ ಬಂದಿತ್ತು. ಒಂದು ವರ್ಷ ಅದಕ್ಕಾಗಿ ಕಾದವಳಿಗೆ ಅದನ್ನು ಮುಟ್ಟಲು ಈಗ ಭಯವಾಯಿತು.

"ಎಲ್ಲಿ ಹೇಳಿದ್ರು, ಅಕ್ಕ? ನೀನೆಲ್ಲಿದ್ದೆ?"

"ಬಾಗಿಲ ಈಚೆ," ಅಂದಳು ಅಕ್ಕ. "ಅವನು ಒಳಗೆ. ನಾನು ಹೊರಗೆ. ನನ್ನ ಕೈ ಚಿಲಕದ ಮೇಲೇ ಇತ್ತು."

ಇನ್ಸ್‌ಪೆಕ್ಟರ್ ಎದ್ದು ನಿಂತ. ಸಂಪಾದಕಿ ಅವನನ್ನು ಕೈಯಿಂದ ತಡೆದಳು. ಈ ಪ್ರಶ್ನೆ ಅವಳದು.

"ತೆಗಿ ಅಂತ ಅವರು ಕೂಗ್ಲಿಲ್ವಾ?"

"ಇಲ್ಲ." ಅಕ್ಕನ ಕಣ್ಣು ಮೊದಲ ಬಾರಿಗೆ ತುಂಬಿತು. "ನಾನು ತೆಗೆಯೋಕೆ ಹೋದೆ, ಪುಟ್ಟಿ. ಚಳಿ ಹೋದ್ರೆ ಮೋಡ ಕರಗತ್ತೆ, ಎಲ್ಲ ಬಾಟಲಿ ಎಣಿಸೋ ತನಕ ತೆಗೀಬೇಡ ಅಂದ."